"ಫೋನ್ ಮಾಡ್ಬೇಕು ಅಂದ್ಕೊಂಡಿದ್ದೆ"

ದೊಡ್ಡಪ್ಪನ ವೈಕುಂಠ ಸಮಾರಾಧನೆ ಮುಗಿಸಿಕೊಂಡು ತೀರ್ಥಹಳ್ಳಿ ಕಡೆಯಿಂದ ಇವತ್ತು ಬೆಳಿಗ್ಗೆ ಬೆಂಗಳೂರಿಗೆ ಬಂದೆ. ದುಃಖಕ್ಕಿಂತ ಸಿಟ್ಟೇ ಜಾಸ್ತಿ ಇದೆ. ಬರೆದುಬಿಡ್ತೀನಿ.

ಪಂಕ್ತಿಯಲ್ಲಿ ವಡೆ ಬಡಿಸುತ್ತಾ ಹೋದ ಹಾಗೆ ಒಂದೇ ಮಾತು ಕಿವಿಗೆ ಬೀಳುತ್ತಿತ್ತು. "ಹೋದ ತಿಂಗಳೇ ಫೋನ್ ಮಾಡ್ಬೇಕು ಅಂದ್ಕೊಂಡಿದ್ದೆ." ಮುಂದಿನ ಎಲೆಯವರೂ ಅದನ್ನೇ ಹೇಳಿದರು. ಅಂಗಳದಲ್ಲಿ ಕೈ ತೊಳೆಯುತ್ತಿದ್ದವರೂ ಅದನ್ನೇ ಹೇಳಿದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಅಂದುಕೊಂಡಿದ್ದರು. ನನಗೆ ಉರಿದಿದ್ದೇ ಅದಕ್ಕೆ. ಮನಸ್ಸಿತ್ತು, ನಂಬರಿತ್ತು, ಜೇಬಿನಲ್ಲಿ ಫೋನಿತ್ತು. ಮತ್ತೆ ಯಾವುದಕ್ಕೆ ಕಾಯುತ್ತಿದ್ದರು?

ಆ ಮನೆ ಗೊತ್ತಿದ್ದವರಿಗೆ ಗೊತ್ತು, ಒಳಗೆ ಸಿಗ್ನಲ್ ಸಿಗುವುದಿಲ್ಲ. ದಣಪೆ, ಅಂದರೆ ಬೇಲಿಯ ಅಡ್ಡಗಳುಗಳ ಗೇಟು, ದಾಟಿ ಪೇರಳೆ ಮರದ ಬುಡಕ್ಕೆ ಬಂದರೆ ಎರಡು ಕಡ್ಡಿ ಬರುತ್ತೆ. ದೊಡ್ಡಪ್ಪ ಸಂಜೆ ದೇವರಿಗೆ ದೀಪ ಹಚ್ಚಿ, ಕೊಡೆ ಹಿಡಿದು, ಕೀಪ್ಯಾಡ್ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಅಲ್ಲಿಗೆ ಬರುತ್ತಿದ್ದರು. ಮಳೆಗಾಲದಲ್ಲಿ ಉಂಬಳ (ಜಿಗಣೆ) ಕಾಲಿಗೆ ಹತ್ತುತ್ತಿತ್ತು. ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಉಜ್ಜಿಕೊಳ್ಳುತ್ತಾ ನಿಂತಿರುತ್ತಿದ್ದರು. ಯಾರಾದರೂ ಮಾಡಬಹುದು ಅಂತ. "ನೀವೇ ಮಾಡಬಹುದಲ್ಲ ದೊಡ್ಡಪ್ಪ" ಅಂದರೆ, "ಅವರು ಕೆಲಸದಲ್ಲಿ ಇರ್ತಾರೆ ಮಾರಾಯ, ತೊಂದರೆ ಕೊಡಬಾರದು" ಅನ್ನುತ್ತಿದ್ದರು.

ಇತ್ತ ಬೆಂಗಳೂರಿನಲ್ಲಿ ಮಕ್ಕಳು, ಅಣ್ಣ ತಮ್ಮಂದಿರ ಮಕ್ಕಳು ಎಲ್ಲ ಅಂದುಕೊಳ್ಳುತ್ತಿದ್ದದ್ದು, "ಈಗ ಮಾಡಿದರೆ ಮಲಗಿರ್ತಾರೇನೋ." ಅವರು ಇವರಿಗೆ ತೊಂದರೆಯಾಗುತ್ತೆ ಅಂತ, ಇವರು ಅವರಿಗೆ ತೊಂದರೆಯಾಗುತ್ತೆ ಅಂತ. ಹೀಗೆ ಒಳ್ಳೆಯ ಮನಸ್ಸಿನವರೇ ಸೇರಿಕೊಂಡು ಒಬ್ಬ ಮುದುಕನನ್ನು ಮಳೆಯಲ್ಲಿ ನಿಲ್ಲಿಸಿದರು.

ಕರೆ ಬಂದರೆ ಆಡುತ್ತಿದ್ದ ಮಾತಾದರೂ ಏನು? ನಿನ್ನೆ ಎಷ್ಟು ಇಂಚು ಮಳೆ ಬಂತು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡ ಸಿಕ್ಕಿದನೋ ಇಲ್ಲವೋ. ರಾಶಿ ಅಡಿಕೆ ರೇಟು ಏರಿತೋ ಇಳಿಯಿತೋ. ಅಷ್ಟೇ. ಆದರೆ ಆ ಮಾತು ಸಿಕ್ಕಿದ ದಿನ ಒಳಗೆ ಹೋಗಿ ದೊಡ್ಡಮ್ಮನಿಗೆ ಎರಡೆರಡು ಸಲ ಹೇಳುತ್ತಿದ್ದರಂತೆ. ಇದನ್ನು ದೊಡ್ಡಮ್ಮನೇ ಹೇಳಿದರು, ಹದಿಮೂರನೇ ದಿನ, ಬಾಳೆಎಲೆ ಒರೆಸುತ್ತಾ.

ನಮ್ಮ ವಯಸ್ಸಿನವರಿಗೆ ನೆನಪಿರಬೇಕು. ಇನ್‌ಲ್ಯಾಂಡ್ ಲೆಟರಿನಲ್ಲಿ ಜಾಗ ಸಾಲದೆ ಅಂಟಿಸುವ ಮಡಿಕೆಯ ಮೇಲೂ ಅಕ್ಷರ ತುರುಕುತ್ತಿದ್ದೆವು. ಎಸ್‌ಟಿಡಿ ಬೂತಿನಲ್ಲಿ ದರ ಇಳಿಯುವ ರಾತ್ರಿ ಹೊತ್ತಿಗೆ ಕಾದು, ಮೀಟರಿನ ಕೆಂಪು ಅಂಕಿ ಓಡುವುದನ್ನು ನೋಡುತ್ತಾ ಅರ್ಧ ಮಾತು ನುಂಗಿ ಇಡುತ್ತಿದ್ದೆವು. ಮೊಬೈಲ್ ಬಂದ ಹೊಸದರಲ್ಲಿ ಕರೆ ಬಂದರೂ ದುಡ್ಡು ಕಟ್ಟಬೇಕಿತ್ತು. 2003ರಲ್ಲಿ ಅದು ಹೋಯಿತು. 2016ರ ನಂತರ ಎಷ್ಟು ಮಾತಾಡಿದರೂ ಬೇರೆ ಬಿಲ್ ಇಲ್ಲ ಅನ್ನುವ ಹಾಗಾಯಿತು. ಕಾಸು ಇಲ್ಲದಾಗ ಮಾತು ಉಕ್ಕುತ್ತಿತ್ತು. ಈಗ ಮಾತಿಗೆ ಕಾಸೇ ಬೇಡ, ನಾವು ಬೆರಳಲ್ಲಿ ಒಂದು ಹೂವಿನ ಚಿತ್ರ ತಳ್ಳಿ ಸುಮ್ಮನಾಗುತ್ತೇವೆ.

"ವಾಟ್ಸಾಪಿನಲ್ಲಿ ದಿನಾ ಸಂಪರ್ಕದಲ್ಲಿ ಇದ್ದೀವಲ್ಲ" ಅಂತ ನನ್ನ ತಮ್ಮ ಕಾರಿನಲ್ಲಿ ಬರುವಾಗ ವಾದ ಮಾಡಿದ. ಫ್ಯಾಮಿಲಿ ಗ್ರೂಪಿದೆ, ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಬರುತ್ತೆ, ಯುಗಾದಿಗೆ ಬೇವುಬೆಲ್ಲ ಬರುತ್ತೆ. ಒಂದು ಮಾತು ಒಪ್ಪುತ್ತೇನೆ. ಒಬ್ಬರೇ ಇರುವ ಹಿರಿಯರು ಬೆಳಿಗ್ಗೆ ಕಳಿಸುವ ಗುಡ್ ಮಾರ್ನಿಂಗಿಗೆ ಬೆಲೆ ಇದೆ. "ನಾನು ಎದ್ದಿದ್ದೇನೆ, ಚೆನ್ನಾಗಿದ್ದೇನೆ" ಅಂತ ಅವರು ಹೇಳುವ ರೀತಿ ಅದು. ದಯವಿಟ್ಟು ಅವರನ್ನು ಮ್ಯೂಟ್ ಮಾಡಬೇಡಿ. ಒಂದು ದಿನ ಬರದಿದ್ದರೆ ವಿಚಾರಿಸಿ. ಆದರೆ ತಮ್ಮ ಹೇಳುವ ಆ ಗ್ರೂಪಿನಲ್ಲಿ ದೊಡ್ಡಪ್ಪ ಇರಲೇ ಇಲ್ಲ! ಕೀಪ್ಯಾಡ್ ಫೋನಿಗೆ ಎಲ್ಲಿಯ ವಾಟ್ಸಾಪು? ಅವರ ಫೋಟೋ ಆ ಗ್ರೂಪಿಗೆ ಬಂದಿದ್ದು ಅವರು ಹೋದ ಮೇಲೆ, ಹಾರ ಹಾಕಿಸಿಕೊಂಡು.

"ಟೈಮ್ ಇಲ್ಲ" ಅನ್ನುವುದನ್ನಂತೂ ನಾನು ಒಪ್ಪುವುದೇ ಇಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕ್ಯಾಬಿನ ಹಿಂದಿನ ಸೀಟಿನಲ್ಲಿ ಕೂತು ರೀಲ್ಸ್ ನೋಡುವ ಹೊತ್ತು ಯಾರದ್ದು? ಹದಿಮೂರನೇ ದಿನಕ್ಕೆ ರಜೆ ಹಾಕಿ, ಅಷ್ಟು ದೂರದ ಘಾಟಿ ರಸ್ತೆಯಲ್ಲಿ ಬಂದು ಊಟ ಮಾಡಿ ಹೋಗಲು ಟೈಮ್ ಸಿಕ್ಕಿತು ಅಲ್ವಾ? ಅದರ ಒಂದು ಚೂರು ಮೊದಲೇ ಸಿಕ್ಕಿದ್ದರೆ ದೊಡ್ಡಪ್ಪನೇ ದಣಪೆ ಸರಿಸಿ "ಬಾ ಬಾ" ಅನ್ನುತ್ತಿದ್ದರು.

ಇದು ನಮ್ಮ ಒಂದು ಮನೆಯ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ಮುದುಕರನ್ನು ಮಾತ್ರ ಅಲ್ಲ, ಹರೆಯದವರನ್ನೂ. ಪಿಜಿ ರೂಮಿನಲ್ಲಿ ಒಬ್ಬನೇ ಕೂತು ಪಾರ್ಸಲ್ ಊಟ ಮಾಡುವ ನಿಮ್ಮ ಅಕ್ಕನ ಮಗನೂ ಅದರಲ್ಲಿ ಇರಬಹುದು. ಅವನಿಗೂ ಒಂದು ಫೋನ್ ಮಾಡಿ. ಮಾರ್ಕ್ಸು, ಸಂಬಳ, ಮದುವೆ ಕೇಳಲು ಅಲ್ಲ.

ನನ್ನ ಅಮ್ಮನಿಗೆ ಎಪ್ಪತ್ತೆಂಟು. ಸ್ಟೆಂಟ್ ಹಾಕಿದ್ದಾರೆ. ಬೆಳಿಗ್ಗೆ ಫೋನ್ ಎತ್ತಿದ ಕೂಡಲೇ ಅವಳ ಮೊದಲ ಮಾತು "ತಿಂಡಿ ಏನು?" ಉಪ್ಪಿಟ್ಟು ಅಂದರೆ "ನಿನ್ನೆಯೂ ಅದೇ ಅಲ್ವಾ?" ಅಂತಾಳೆ. ನಿನ್ನೆಯ ತಿಂಡಿ ಏನು ಅಂತ ನೆನಪಿಟ್ಟುಕೊಳ್ಳುವ ಇನ್ನೊಂದು ಜೀವ ನನಗೆ ಈ ಊರಿನಲ್ಲಿ ಇಲ್ಲ. ಹಿಂದೆ ಕುಕ್ಕರ್ ಕೂಗುತ್ತೆ, "ಇರು, ಇಳಿಸಿ ಬರ್ತೀನಿ" ಅಂತ ಫೋನ್ ಹಾಗೇ ಇಟ್ಟು ಹೋಗುತ್ತಾಳೆ. ಅವಳ ಚಪ್ಪಲಿ ಸದ್ದು ದೂರ ಹೋಗಿ ಮತ್ತೆ ಹತ್ತಿರ ಬರುವ ತನಕ ಸುಮ್ನೆ ಕಿವಿಗೊಟ್ಟು ಕೂತಿರುತ್ತೇನೆ. ಆ ಹೊತ್ತಿಗೆ ದೇವರ ಹತ್ತಿರ ಕೇಳಲು ನನಗೆ ಏನೂ ಉಳಿದಿರುವುದಿಲ್ಲ.

ಇನ್ನೊಂದು ವಿಷಯ. ಊರಲ್ಲಿದ್ದಾಗ ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರ ನಂಬರ್ ಸಿಕ್ಕಿತು. ಅಲ್ಲೇ ನಿಂತು ಮಾಡಿದೆ. ಹೆಸರು ಹೇಳಿದ ತಕ್ಷಣ ಅವರು ಕೇಳಿದ್ದು, "ಯಾಕಪ್ಪಾ, ಯಾರಿಗೇನಾಯ್ತು?" ಹಿಂದೆ ಟೆಲಿಗ್ರಾಂ ಅಂದರೆ ಒಡೆಯುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು, ಆ ಭಯ ಮಾತ್ರ ಫೋನಿಗೆ ಬಂದು ಕೂತಿದೆ. ಕಾರಣ ನಾವೇ. ಸಾವಿಗೆ, ಆಸ್ಪತ್ರೆಗೆ, ದುಡ್ಡಿಗೆ ಬಿಟ್ಟರೆ ಕರೆ ಮಾಡುವುದನ್ನೇ ಮರೆತಿದ್ದೇವೆ.

"ಏನೂ ಆಗಿಲ್ಲ ಸಾರ್, ನಿಮ್ಮ ಹತ್ತಿರ ಮಾತಾಡೋಣ ಅನ್ನಿಸಿತು" ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಶುರುವಾಯಿತು ನೋಡಿ! ಯಾರು ಯಾವ ಬೆಂಚಿನಲ್ಲಿ ಕೂರುತ್ತಿದ್ದರು, ಯಾರು ಪ್ರಮೇಯ ಬಾಯಿಪಾಠ ಮಾಡಿ ಸಿಕ್ಕಿಬಿದ್ದರು, ಎಲ್ಲ ನೆನಪಿದೆ. ನಮ್ಮ ಬ್ಯಾಚಿನವರೆಲ್ಲರನ್ನೂ ಹೆಸರು ಹಿಡಿದು ಕೇಳಿದರು.

ನಮ್ಮ ಬ್ಯಾಚಿನವರು ಇದನ್ನು ಓದುತ್ತಿದ್ದರೆ ಇನ್‌ಬಾಕ್ಸಿಗೆ ಬನ್ನಿ, ನಂಬರ್ ಕೊಡ್ತೀನಿ. ಮಧ್ಯಾಹ್ನ ಊಟ ಆದ ಮೇಲೆ ಸ್ವಲ್ಪ ಮಲಗುತ್ತಾರೆ, ಸಂಜೆ ಕಾಫಿ ಹೊತ್ತಿಗೆ ಮಾಡಿ. ಬಲಗಿವಿ ಕೇಳುವುದಿಲ್ಲ, ಗಟ್ಟಿಯಾಗಿ ಮಾತಾಡಿ. ಮೊದಲೇ "ಎಲ್ಲ ಆರಾಮು ಸಾರ್" ಅಂದುಬಿಡಿ.