ನಿಮ್ಮ ಸಾರು ನಮ್ಮ ಸಾರಲ್ಲ

ಕ್ಯಾಲಿಫೋರ್ನಿಯಾದವರು ಕೊನೆಗೂ ಸಾಧಿಸಿಬಿಟ್ಟರು. ಇಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ, ಅಂದರೆ ಕಡಿಮೆ ಫೀಸಿನ ಎರಡು ವರ್ಷದ ಸರ್ಕಾರಿ ಕಾಲೇಜುಗಳಲ್ಲಿ, ಮೊದಲ ವರ್ಷದ ಇಂಗ್ಲಿಷ್ ಪಾಠಕ್ಕೆ ಇನ್ನು ಎಲ್ಲ ಕಡೆ ಒಂದೇ ನಂಬರ್. ಸಿ1000. ಮುಂಚೆ ಒಂದು ಕಾಲೇಜಲ್ಲಿ ಅದು 1ಎ, ಇನ್ನೊಂದರಲ್ಲಿ 100, ಮತ್ತೊಂದರಲ್ಲಿ 101. ಪಾಠ ಅದೇ, ಬೈಗುಳವೂ ಅದೇ: "ಪ್ಯಾರಾಗ್ರಾಫ್ ಸರಿಯಾಗಿ ಬರಿ."

ಇಂಥ ಕ್ರಾಂತಿ ಸುಮ್ನೆ ಆಗಲ್ಲ. 2021ರಲ್ಲಿ ಕಾನೂನು ಮಾಡಿದರು. 2024ರ ಜುಲೈ ಒಳಗೆ ಮುಗಿಯಬೇಕು ಅಂದರು. ಆಮೇಲೆ ಗಡುವನ್ನು 2027ಕ್ಕೆ ತಳ್ಳಿದರು. ಈ ಕೆಲಸಕ್ಕೆ ಹತ್ತೂವರೆ ಕೋಟಿ ಡಾಲರ್ ಎತ್ತಿಟ್ಟರು. ರೂಪಾಯಿಗೆ ನೀವೇ ಗುಣಿಸಿಕೊಳ್ಳಿ, ನನಗೆ ಎದೆ ನೋವು ಬರುತ್ತದೆ. 2025ರ ಫಾಲ್ ಸೆಮಿಸ್ಟರಿಗೆ ಮೊದಲ ಕಂತಿನ ಕೋರ್ಸುಗಳು ಹೊಸ ನಂಬರ್ ಹಾಕಿಕೊಂಡು ಹೊರಬಂದವು. ಎಷ್ಟು? ಆರು.

ನಾನು ಬೆಂಗಳೂರಿನವನು, ನಂಬರ್ ಬದಲಾಯಿಸುವ ಸುಖ ಏನು ಅಂತ ನನಗೆ ಗೊತ್ತು. ಬಸವನಗುಡಿಯಲ್ಲಿ ನಮ್ಮ ತಾತನ ಮನೆಗೆ ಮೂರು ನಂಬರ್ ಇದ್ದವು. ಹಳೇ ನಂಬರ್, ಹೊಸ ನಂಬರ್, ಮತ್ತೆ ತಾತ ಯಾರನ್ನೂ ಕೇಳದೆ ಗೇಟಿನ ಮೇಲೆ ಬರೆಸಿದ್ದ ನಂಬರ್. ಪೋಸ್ಟ್‌ಮ್ಯಾನ್ ಮೂರನ್ನೂ ನೋಡುತ್ತಿರಲಿಲ್ಲ. "ನುಗ್ಗೇಮರದ ಮನೆ" ಅಂತ ಕಾಗದ ಹಾಕಿ ಹೋಗುತ್ತಿದ್ದ. ಆ ನುಗ್ಗೇಮರ ಕಡಿದು ಹತ್ತು ವರ್ಷ ಆದ ಮೇಲೂ ಅದು ನುಗ್ಗೇಮರದ ಮನೆಯೇ. ಕಾಗದ ಒಂದೂ ತಪ್ಪಿಹೋಗಲಿಲ್ಲ.

ಇಲ್ಲಿ ಕಾಗದ ತಪ್ಪಿಹೋಗುತ್ತಿರುವುದೇ ಕಷ್ಟ. ಒಂದು ಕಡೆ ಪಾಸಾದ ಪಾಠ ಎಷ್ಟೋ ಸಲ ಇನ್ನೊಂದು ಕಡೆಯ ಲೆಕ್ಕಕ್ಕೆ ಸೇರುವುದೇ ಇಲ್ಲ. ಯಾಕೆಂದರೆ ನಂಬರ್ ಬದಲಾಯಿಸಬೇಕು ಅಂತ ಕಾನೂನು ಹೇಳಿದ್ದು ಕಮ್ಯುನಿಟಿ ಕಾಲೇಜುಗಳಿಗೆ ಮಾತ್ರ. ಆ ಹುಡುಗರು ಮುಂದೆ ಹೋಗಿ ಸೇರುವ ಯೂನಿವರ್ಸಿಟಿಗಳು ತಮ್ಮ ತಮ್ಮ ನಂಬರ್ ಹಾಗೇ ಇಟ್ಟುಕೊಂಡು ಆರಾಮಾಗಿ ಕೂತಿವೆ. ಹೆಣ್ಣಿನ ಕಡೆಯವರು ಮಾತ್ರ ಹೆಸರು, ಗೋತ್ರ, ನಕ್ಷತ್ರ ಎಲ್ಲ ಬದಲಾಯಿಸಿಕೊಂಡು ಬರಬೇಕು. ಗಂಡಿನ ಕಡೆಯವರು ಕಾಫಿ ಕುಡಿಯುತ್ತಾ ಕೂತಿರುತ್ತಾರೆ.

ವಿಷಯ ಗೊತ್ತಿಲ್ಲದವರು ಯಾರೂ ಇಲ್ಲ ಬಿಡಿ. ಇಲ್ಲಿರುವ ಪ್ರತಿ ಕನ್ನಡದ ಮನೆಗೂ ಈ ಲೆಕ್ಕ ಬಾಯಿಪಾಠ: ಎರಡು ಪ್ಲಸ್ ಎರಡು. ಮೊದಲ ಎರಡು ವರ್ಷ ಕಮ್ಯುನಿಟಿ ಕಾಲೇಜು, ಯೂನಿಟ್‌ಗೆ, ಅಂದರೆ ಪಾಠದ ಒಂದು ಅಳತೆಗೆ, 46 ಡಾಲರ್. ಮುಂದಿನ ಎರಡು ವರ್ಷ ದೊಡ್ಡ ಯೂನಿವರ್ಸಿಟಿ. ಡಿಗ್ರಿ ಅದೇ, ಖರ್ಚು ಅರ್ಧ. 1960ರಲ್ಲಿ ಈ ರಾಜ್ಯದವರು ಮಾಸ್ಟರ್ ಪ್ಲಾನ್ ಅಂತ ಒಂದು ಮಾಡಿದರು. ಯಾವ ಮಗುವಿಗೂ ಕಾಲೇಜಿನ ಬಾಗಿಲು ಮುಚ್ಚಬಾರದು, ಕೆಳಗಿಂದ ಹತ್ತಿದವರೂ ಮೇಲಕ್ಕೆ ಬರಬೇಕು ಅಂತ. ನಿಜವಾಗಿಯೂ ದೊಡ್ಡ ಯೋಚನೆ. ಏಣಿಯನ್ನೂ ಚೆನ್ನಾಗಿಯೇ ಮಾಡಿದರು. ನಡುವಿನ ನಾಲ್ಕು ಮೆಟ್ಟಿಲನ್ನು ಮಾತ್ರ ಬೇರೆ ಬೇರೆ ಕಮಿಟಿಗೆ ವಹಿಸಿದರು.

ನಮ್ಮ ಅಕ್ಕನ ಮಗ ಈ ಏಣಿ ಹತ್ತಿದ.

ಭಾವನ ಕೆಲಸ ಹೋಗಿದ್ದ ವರ್ಷ ಅದು. ಹುಡುಗ ತಾನೇ ಹೇಳಿದ, "ಮಾಮ, ನಾನು ಕಮ್ಯುನಿಟಿ ಕಾಲೇಜಿಗೆ ಹೋಗ್ತೀನಿ, ದುಡ್ಡು ಉಳಿಯುತ್ತೆ." ಆ ವರ್ಷ ಯುಗಾದಿಗೆ ಕನ್ನಡ ಕೂಟದಲ್ಲಿ ಯಾರೋ ಅಕ್ಕನನ್ನು ಕೇಳಿದರು, "ಮಗ ಎಲ್ಲಿ ಓದ್ತಿದಾನೆ?" ಅಕ್ಕ ಹೇಳಿದಳು. ಕೇಳಿದಾಕೆ ಒಂದು ಕ್ಷಣ ಹೋಳಿಗೆ ಬಾಯಲ್ಲೇ ಇಟ್ಟುಕೊಂಡು ನಿಂತರು. ಆಮೇಲೆ ಅಕ್ಕನ ಭುಜ ಮುಟ್ಟಿ, "ಪರವಾಗಿಲ್ಲ ಬಿಡಿ, ಆಮೇಲೆ ಬರ್ಕ್ಲಿಗೆ ಟ್ರಾನ್ಸ್‌ಫರ್ ಮಾಡ್ಕೋಬಹುದು" ಅಂದರು. ಸಾವಿನ ಮನೆಯಲ್ಲಿ ಮಾತಾಡುವ ದನಿ. ಇನ್ನೊಬ್ಬರು ಟಾಮ್ ಹ್ಯಾಂಕ್ಸ್‌ನನ್ನು ಎಳೆದು ತಂದರು. ಹೌದು, ಟಾಮ್ ಹ್ಯಾಂಕ್ಸ್ ಹೇವರ್ಡ್‌ನ ಕಮ್ಯುನಿಟಿ ಕಾಲೇಜಲ್ಲಿ ಓದಿದವನು. ಅಲ್ಲಿಂದ ಸ್ಯಾಕ್ರಮೆಂಟೋದ ಸ್ಟೇಟ್ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆದ. ಡಿಗ್ರಿ ಮುಗಿಸಲಿಲ್ಲ. ಆ ಕೊನೇ ವಾಕ್ಯವನ್ನು ಹೋಳಿಗೆ ತಿನ್ನುವಾಗ ಯಾರೂ ಹೇಳಲ್ಲ.

ಹುಡುಗ ಹಗಲು ಓದಿ, ರಾತ್ರಿ ಅಂಗಡಿಯಲ್ಲಿ ಡಬ್ಬಿ ಜೋಡಿಸಿ ಎರಡು ವರ್ಷ ಮುಗಿಸಿದ. ಬಿಸಿನೆಸ್ ಓದಬೇಕು ಅಂತ ಆಸೆ. ಅದಕ್ಕೆ ಅಸಿಸ್ಟ್ ಅಂತ ರಾಜ್ಯದ ಒಂದು ಅಧಿಕೃತ ವೆಬ್‌ಸೈಟ್ ಇದೆ. ಈ ಕಾಲೇಜಿನ ಯಾವ ಕೋರ್ಸು ಆ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಅಂತ ಅದು ತೋರಿಸುತ್ತದೆ. 116 ಕಮ್ಯುನಿಟಿ ಕಾಲೇಜು ಒಂದು ಕಡೆ, ಯೂನಿವರ್ಸಿಟಿಗಳು ಇನ್ನೊಂದು ಕಡೆ, ಅಲ್ಲಿ ಪ್ರತಿ ಮೇಜರಿಗೂ, ಅಂದರೆ ಡಿಗ್ರಿಯ ಮುಖ್ಯ ವಿಷಯಕ್ಕೂ, ಬೇರೆ ಪಟ್ಟಿ. ಪಟ್ಟಿಯ ಎಡಗಡೆ ಅವರ ಕೋರ್ಸು, ಬಲಗಡೆ ನಿಮ್ಮದು. ಬಲಗಡೆ ಎಷ್ಟೋ ಸಲ ನಿಮ್ಮ ಕೋರ್ಸಿನ ಬದಲು ಮೂರು ಪದ ಇರುತ್ತವೆ: ನೋ ಕೋರ್ಸ್ ಆರ್ಟಿಕ್ಯುಲೇಟೆಡ್. ಅಂದರೆ ನಿಮ್ಮ ಕಾಲೇಜಲ್ಲಿ ಇದಕ್ಕೆ ಸಮನಾದದ್ದು ಇದೆ ಅಂತ ಯಾರೂ ಬರೆದುಕೊಟ್ಟಿಲ್ಲ. ಇಲ್ಲವೇ ಇಲ್ಲ ಅಂತಲ್ಲ. ಬರೆದುಕೊಟ್ಟಿಲ್ಲ, ಅಷ್ಟೇ.

ಗೆಳೆಯನ ಮಗಳು ಕಂಪ್ಯೂಟರ್ ಸೈನ್ಸಿಗೆ ಹೊರಟಿದ್ದಳು. ಒಂದೇ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಬೇರೆ ಬೇರೆ ಕ್ಯಾಂಪಸ್. ಒಂದಕ್ಕೆ ಸಿ++ ಬೇಕು. ಇನ್ನೊಂದಕ್ಕೆ ಜಾವಾ ಬೇಕು. ಎಲ್ಲದಕ್ಕೂ ಅರ್ಜಿ ಹಾಕಬೇಕು ಅಂದರೆ ಎಲ್ಲವನ್ನೂ ಕಲಿಯಬೇಕು. ಒಬ್ಬನೇ ಅಪ್ಪನ ಮಕ್ಕಳು, ಒಬ್ಬನಿಗೆ ಚಪಾತಿ, ಒಬ್ಬನಿಗೆ ಮುದ್ದೆ, ಅಡುಗೆ ಮಾಡುವವಳು ಒಬ್ಬಳೇ.

ಈ ಸಮಾನತೆಯ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಕೇಳುತ್ತೀರಾ? ಹೇಳ್ತೀನಿ. ಮಂಗಳೂರಿನ ಹುಡುಗಿ ಮೈಸೂರಿನ ಮನೆಗೆ ಸೊಸೆಯಾಗಿ ಬಂದಳು ಅಂತಿಟ್ಟುಕೊಳ್ಳಿ. ಮೊದಲ ದಿನ ಸಾರು ಮಾಡಿದಳು. ಅತ್ತೆ ಒಂದು ಚಮಚ ಬಾಯಿಗೆ ಹಾಕಿಕೊಂಡು ಹೇಳುತ್ತಾರೆ: "ನೋಡಮ್ಮ, ತುಂಬಾ ಚೆನ್ನಾಗಿದೆ. ಆದರೆ ನೀನು ಒಗ್ಗರಣೆ ಹಾಕಿರೋದು ಕೊಬ್ಬರಿ ಎಣ್ಣೇಲಿ. ನಮ್ಮಲ್ಲಿ ತುಪ್ಪ. ಹಾಗಾಗಿ ಇದು ನಮ್ಮ ಸಾರಿಗೆ ಸಮ ಅಲ್ಲ. ನಿನ್ನ ಶ್ರಮ ಹಾಳಾಗಲ್ಲ, ಯೋಚನೆ ಮಾಡ್ಬೇಡ. ಇದನ್ನ ಉಪ್ಪಿನಕಾಯಿ ಲೆಕ್ಕಕ್ಕೆ ಸೇರಿಸ್ಕೊಳ್ತೀವಿ. ಸಾರು ಮಾತ್ರ ಮೊದಲಿಂದ ಕಲೀಬೇಕು."

ಈ ಉಪ್ಪಿನಕಾಯಿಗೇ ಇಲ್ಲಿ ಇಲೆಕ್ಟಿವ್ ಕ್ರೆಡಿಟ್ ಅನ್ನುತ್ತಾರೆ. ಯೂನಿಟ್ ಎಣಿಕೆಗೆ ಸೇರುತ್ತದೆ, ಬೇಕಾದ ಕೋರ್ಸಿನ ಜಾಗ ತುಂಬಲ್ಲ. ಕ್ರೆಡಿಟ್ ಹೋಯಿತು ಅಂತ ಯಾರೂ ಹೇಳಲ್ಲ. ಎಲ್ಲವನ್ನೂ "ಸ್ವೀಕರಿಸಿದ್ದೇವೆ" ಅಂತಲೇ ಹೇಳುತ್ತಾರೆ. ತಟ್ಟೆ ತುಂಬಾ ಉಪ್ಪಿನಕಾಯಿ, ಕಲಸಿಕೊಳ್ಳಲು ಅನ್ನ ಇಲ್ಲ.

ಸೊಸೆ ಒಪ್ಪದಿದ್ದರೆ ಮೇಲ್ಮನವಿ ಇದೆ. ತವರಿನ ಸಾರಿನ ಸಿಲಬಸ್ ತರಬೇಕು. ಯಾವ ವಾರ ಬೇಳೆ, ಯಾವ ವಾರ ಹುಣಸೆಹಣ್ಣು ಅಂತ ಅದರಲ್ಲಿ ಬರೆದಿರಬೇಕು. ಕಮಿಟಿ ಆರರಿಂದ ಎಂಟು ವಾರದಲ್ಲಿ ತಿಳಿಸುತ್ತದೆ. ಅಲ್ಲೀವರೆಗೆ ಮನೆಯವರೆಲ್ಲ ಮೊಸರನ್ನ.

ಇನ್ನು ಅಳತೆ. ನಮ್ಮ ಹುಡುಗನ ಕಮ್ಯುನಿಟಿ ಕಾಲೇಜು ಕ್ವಾರ್ಟರ್ ಲೆಕ್ಕದ್ದು, ವರ್ಷಕ್ಕೆ ಮೂರು ಪಾಲು. ಸೇರಿದ ಯೂನಿವರ್ಸಿಟಿ ಸೆಮಿಸ್ಟರ್ ಲೆಕ್ಕದ್ದು, ಎರಡು ಪಾಲು. ಒಂದೂವರೆ ಕ್ವಾರ್ಟರ್ ಯೂನಿಟ್‌ಗೆ ಒಂದು ಸೆಮಿಸ್ಟರ್ ಯೂನಿಟ್. ನಮ್ಮ ಅಜ್ಜಿಯ ಕಾಲದಲ್ಲಿ ನಾಲ್ಕು ಪಾವಿಗೆ ಒಂದು ಸೇರು. ನಮ್ಮೂರ ಸೇರು ಸಂತೆಯ ಸೇರಲ್ಲ ಅಂತ ಅಜ್ಜಿ ಮನೆಯಿಂದಲೇ ಪಾವು ತಗೊಂಡು ಹೋಗುತ್ತಿದ್ದಳು. ಆ ಗಲಾಟೆ ಸಾಕು ಅಂತ ನಮ್ಮ ದೇಶ 1956ರಲ್ಲೇ ಕಾನೂನು ಮಾಡಿ ಕಿಲೋ, ಲೀಟರಿಗೆ ಬಂತು. ಸಿಲಿಕಾನ್ ವ್ಯಾಲಿ ಇನ್ನೂ ಪಾವು ಹಿಡಿದುಕೊಂಡು ನಿಂತಿದೆ. ಹುಡುಗನ ನಾಲ್ಕು ಯೂನಿಟ್ ಕೋರ್ಸು ಭಾಗಾಕಾರವಾಗಿ 2.67 ಆಯಿತು. ಅವರಿಗೆ ಬೇಕಿದ್ದದ್ದು ಮೂರು. ಇಂಥ ಚೂರುಪಾರು ಕೊರತೆಯೆಲ್ಲ ಕೂಡಿ ಲೆಕ್ಕಕ್ಕೆ ಒಂದು ಯೂನಿಟ್ ಕಡಿಮೆ ಬಿತ್ತು.

ಕೌನ್ಸೆಲರ್ ಸುಲಭದ ದಾರಿ ಹೇಳಿದರು. ಬೇಸಿಗೆಯಲ್ಲಿ ಯೋಗ ಕ್ಲಾಸ್ ತಗೋ.

ಮೈಸೂರಿನ ಮೂಲದ ಹುಡುಗ, ಅವರಜ್ಜ ಬೆಳಗ್ಗೆ ಐದಕ್ಕೆ ಎದ್ದು ಸೂರ್ಯ ನಮಸ್ಕಾರ ಹಾಕುತ್ತಿದ್ದ ಮನುಷ್ಯ, ಈ ಹುಡುಗ ಕ್ಯಾಲಿಫೋರ್ನಿಯಾದಲ್ಲಿ ದುಡ್ಡು ಕೊಟ್ಟು ಯೋಗ ಕಲಿತ. ಯೋಗ ಪೂರ್ತಿ ಟ್ರಾನ್ಸ್‌ಫರ್ ಆಯಿತು, ಒಂದು ಪ್ರಶ್ನೆ ಇಲ್ಲ. ಸ್ಟಾಟಿಸ್ಟಿಕ್ಸ್ ಆಗಲಿಲ್ಲ. ಅವನು ಓದಿದ್ದು ಬರೀ ಸ್ಟಾಟಿಸ್ಟಿಕ್ಸ್, ಅವರಿಗೆ ಬೇಕಿದ್ದದ್ದು ಬಿಸಿನೆಸ್ ಸ್ಟಾಟಿಸ್ಟಿಕ್ಸ್. ಸರಾಸರಿ ತೆಗೆಯುವುದು ಎರಡರಲ್ಲೂ ಒಂದೇ ತರಹ ಅಂತ ನಾನು ಅಂದುಕೊಂಡಿದ್ದೆ. ನಾನು ಬರೀ ಎಂಜಿನಿಯರು.

ಇದೆಲ್ಲ ಅವನಿಗೆ ತಿಳಿದದ್ದು ಯಾವಾಗ ಅಂತ ಹೇಳಲಿಲ್ಲ ಅಲ್ವಾ? ಸೀಟು ಒಪ್ಪಿಕೊಂಡು, ಡೆಪಾಸಿಟ್ ಕಟ್ಟಿದ ಮೇಲೆ. ಯಾವ ಕ್ರೆಡಿಟ್ ಯಾವ ಲೆಕ್ಕಕ್ಕೆ ಅನ್ನುವ ಕೊನೆಯ ಪಟ್ಟಿ ಆಮೇಲೇ ಕೈಗೆ ಬರುವುದು. ತಾಳಿ ಕಟ್ಟಿಸಿಕೊಂಡು ಆಮೇಲೆ ಜಾತಕ ಕೊಡುವ ಪದ್ಧತಿ.

ಸರ್ಕಾರ ಸುಮ್ಮನೆ ಕೂತಿಲ್ಲ, ಹಾಗೆ ಹೇಳಿದರೆ ಪಾಪ ಬರುತ್ತದೆ. 2010ರಲ್ಲೇ ಇನ್ನೊಂದು ಕಾನೂನು ಮಾಡಿದರು. ಟ್ರಾನ್ಸ್‌ಫರ್‌ಗೆ ಅಂತಲೇ ಎರಡು ವರ್ಷದ ವಿಶೇಷ ಡಿಗ್ರಿ. ಅದು ಮುಗಿಸಿದರೆ ಕ್ಯಾಲ್ ಸ್ಟೇಟ್ ಅನ್ನುವ ರಾಜ್ಯದ ಯೂನಿವರ್ಸಿಟಿ ಬಳಗದಲ್ಲಿ ಸೀಟು ಗ್ಯಾರಂಟಿ. ಯಾವ ಕ್ಯಾಂಪಸ್ ಅನ್ನುವುದು ಗ್ಯಾರಂಟಿ ಇಲ್ಲ. ಕೇಳಿದ ಮೇಜರೇ ಸಿಗುತ್ತದೆ ಅಂತಲೂ ಇಲ್ಲ. ಮೆಜೆಸ್ಟಿಕ್‌ನಲ್ಲಿ ಮೈಸೂರಿಗೆ ಟಿಕೆಟ್ ತಗೊಂಡಿದ್ದೀರಿ. ಸೀಟು ಖಂಡಿತ ಇದೆ ಸಾರ್, ಕೂತ್ಕೊಳ್ಳಿ. ಬಸ್ಸು ಕೊಳ್ಳೇಗಾಲಕ್ಕೆ ಹೋಗುತ್ತೆ.

ನಮ್ಮ ಕಡೆಯವರು ನಗಬೇಡಿ. ನನ್ನ ಹೆಂಡತಿಯದು ಮೈಸೂರಿನ ಬಿ.ಎಸ್ಸಿ., ಮೂರು ವರ್ಷದ್ದು. ಇಲ್ಲಿಗೆ ಬಂದಾಗ ಅದನ್ನು ತೂಕ ಹಾಕಿದವರು ಮೂರು ವರ್ಷ ಅಂದರೆ ಮೂರೇ ವರ್ಷ, ಡಿಗ್ರಿಗೆ ಒಂದು ವರ್ಷ ಕಡಿಮೆ ಅಂದರು. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ತಂದರು. ಅಬ್ಬ, ಇನ್ನು ಮುಂದಿನವರಿಗಾದರೂ ತೊಂದರೆ ಇಲ್ಲ ಅಂದುಕೊಂಡೆವು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್. ನಡುವೆ ಸೇರಿದ ಮಕ್ಕಳು ಎಲ್ಲಾ ಸರ್ಕಾರಗಳ ನೆನಪಿಗೂ ಒಂದೊಂದು ಸೆಮಿಸ್ಟರ್ ಓದಿದರು.

ಈಗ ನಗು ಸಾಕು. 2017ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧಕ ಕಚೇರಿ ಒಂದು ಲೆಕ್ಕ ಕೊಟ್ಟಿತು. 2004ರಿಂದ 2009ರ ನಡುವೆ ಕಾಲೇಜು ಬದಲಾಯಿಸಿದ ವಿದ್ಯಾರ್ಥಿಗಳು, ಎಲ್ಲ ಬಗೆಯ ಕಾಲೇಜು ಸೇರಿಸಿ, ಅಂದಾಜು ಶೇ. 43 ಕ್ರೆಡಿಟ್ ಕಳೆದುಕೊಂಡಿದ್ದರು. ಹೆಚ್ಚುಕಡಿಮೆ ಅರ್ಧ. ಕಮ್ಯುನಿಟಿ ಕಾಲೇಜಿಗೆ ಸೇರುವ 100 ಮಂದಿಯಲ್ಲಿ 80 ಮಂದಿಗೆ ನಾಲ್ಕು ವರ್ಷದ ಡಿಗ್ರಿ ಪಡೆಯುವ ಆಸೆ. ಆರು ವರ್ಷದಲ್ಲಿ ಅದು ಕೈಗೆ ಸಿಗುವುದು ಸುಮಾರು 16 ಮಂದಿಗೆ. ಹೀಗೆ ಕ್ರೆಡಿಟ್ ಕಳೆದುಕೊಂಡವರು ಓದದೆ ಸೋಮಾರಿಗಳಾಗಿ ಬಿದ್ದವರಲ್ಲ. ಪಾಸಾದವರು. ಎ ಗ್ರೇಡ್ ತಗೊಂಡವರು. ರಾತ್ರಿ ಕೆಲಸ ಮಾಡಿ, ಬೆಳಗ್ಗೆ ಬಸ್ಸಲ್ಲಿ ನಿದ್ದೆ ಮಾಡಿ, ಮಗುವನ್ನು ಅತ್ತಿಗೆ ಹತ್ತಿರ ಬಿಟ್ಟು ಕ್ಲಾಸಿಗೆ ಬಂದವರು. ನಮ್ಮ ಹುಡುಗನಿಗೆ ಒಂದು ಸೆಮಿಸ್ಟರ್ ಜಾಸ್ತಿ ಆದರೆ ಅಕ್ಕ ಅತ್ತು, ನಾನು ಒಂದು ಚೆಕ್ ಬರೆದು, ಹೇಗೋ ಆಗುತ್ತದೆ. ಚೆಕ್ ಬರೆಯುವ ಮಾಮ ಇಲ್ಲದವರು ಅಲ್ಲಿಗೇ ನಿಲ್ಲಿಸುತ್ತಾರೆ. ಯಾರೂ ಅವರನ್ನು ಫೇಲ್ ಮಾಡಲ್ಲ. ಫಾರ್ಮ್ ಕೊಡುತ್ತಾರೆ, ಅಷ್ಟೇ. ಬಡವರಿಗೆ ಅಂತ ಮಾಡಿದ ದಾರಿಯಲ್ಲಿ ಎರಡೆರಡು ಸಲ ಟೋಲ್ ಕೀಳುವುದು, ಅದಕ್ಕೆ ಗುಣಮಟ್ಟ ಅಂತ ಹೆಸರಿಡುವುದು. ನಾಚಿಕೆ ಆಗಬೇಕು. ಆಗಲ್ಲ. ಈ ವಿಷಯಕ್ಕೆ ಕಾನೂನು ಬರುತ್ತಾ ಬರುತ್ತಾ ನನ್ನ ಕೂದಲು ಬೆಳ್ಳಗಾಯಿತು.

ಹೋಗಲಿ. ಹುಡುಗ ಕಳೆದ ಸೆಮಿಸ್ಟರ್ ಬಿಸಿನೆಸ್ ಸ್ಟಾಟಿಸ್ಟಿಕ್ಸ್ ಕ್ಲಾಸಿಗೆ ಹೋದ. ಮೊದಲ ದಿನ. ಬಾಗಿಲು ತೆಗೆದು ಒಳಗೆ ಬಂದ ಮೇಷ್ಟ್ರನ್ನು ನೋಡಿದರೆ, ಕಮ್ಯುನಿಟಿ ಕಾಲೇಜಲ್ಲಿ ಸ್ಟಾಟಿಸ್ಟಿಕ್ಸ್ ಹೇಳಿಕೊಟ್ಟ ಅದೇ ಮೇಷ್ಟ್ರು! ಸೋಮವಾರ, ಬುಧವಾರ ಅಲ್ಲಿ. ಮಂಗಳವಾರ, ಗುರುವಾರ ಇಲ್ಲಿ. ಎರಡು ಕಡೆಯೂ ಪಾರ್ಟ್ ಟೈಮ್, ನಡುವೆ ಫ್ರೀವೇ. ಇಂಥವರಿಗೆ ಇಲ್ಲಿ ಫ್ರೀವೇ ಫ್ಲೈಯರ್ ಅಂತಲೇ ಹೆಸರು. ಫ್ರೀವೇ ದಾಟಿ ಬಂದ ಮೇಷ್ಟ್ರು ಅಲ್ಲೂ ಮೇಷ್ಟ್ರೇ, ಇಲ್ಲೂ ಮೇಷ್ಟ್ರೇ. ದಾಟಿ ಬಂದ ಪಾಠ ಮಾತ್ರ ಉಪ್ಪಿನಕಾಯಿ.

ಮೇಷ್ಟ್ರು ಹಾಜರಿ ತಗೊಳ್ಳುತ್ತಾ ಇವನ ಹೆಸರಿಗೆ ನಿಂತರಂತೆ. ಕನ್ನಡಕ ಮೇಲೆತ್ತಿ ನೋಡಿದರಂತೆ.

"ನಿನಗೆ ನಾನು ಎ ಕೊಟ್ಟಿದ್ದೆ ಅಲ್ವಾ?"

"ಹೌದು ಸರ್."

"ಮತ್ತೆ?"

ಇವನು ಕಥೆ ಪೂರ್ತಿ ಹೇಳಲಿಲ್ಲ. ಹೊಸ ಪುಸ್ತಕ ತಗೋಬೇಕಾ ಅಂತ ಮಾತ್ರ ಕೇಳಿದ.

"ಬೇಡ, ಅದೇ ಪುಸ್ತಕ. ಹಳೇದೇ ಸಾಕು" ಅಂದರಂತೆ ಮೇಷ್ಟ್ರು. "ಪೆನ್ಸಿಲಲ್ಲಿ ಬರೆದಿರೋ ಉತ್ತರ ಮಾತ್ರ ಅಳಿಸಿಬಿಡು."