ಸತ್ಯಾಂಶ: ವಿಶ್ವಸಂಸ್ಥೆ ಹೇಳಿದ್ದಕ್ಕೆ ಸಲಿಂಗ ಮದುವೆ ಕಡ್ಡಾಯವೇ?

ದಾವಣಗೆರೆಯ ಬಡಾವಣೆ ಗ್ರೂಪುಗಳಲ್ಲಿ, ಚಿತ್ರದುರ್ಗದ ಹಳೇ ವಿದ್ಯಾರ್ಥಿಗಳ ಗ್ರೂಪುಗಳಲ್ಲಿ ಒಂದು ಮೆಸೇಜು ಆಗಾಗ ಬರುತ್ತಿರುತ್ತದೆ: ವಿಶ್ವಸಂಸ್ಥೆಯ ನಿರ್ಣಯಕ್ಕೆ ಕಟ್ಟುಬಿದ್ದು ಭಾರತ ಸಲಿಂಗ ಮದುವೆ ಒಪ್ಪಲೇಬೇಕಂತೆ. ಇದು ನಿಜವಲ್ಲ.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯ 2016ರ ನಿರ್ಣಯ 32/2 ಕೇಳಿದ್ದು ಲೈಂಗಿಕ ಒಲವು, ಲಿಂಗ ಗುರುತಿನ ಕಾರಣಕ್ಕೆ ಆಗುವ ಹಿಂಸೆ ಮತ್ತು ತಾರತಮ್ಯದಿಂದ ರಕ್ಷಣೆ. ಅದನ್ನು ಗಮನಿಸಲು ಒಬ್ಬ ಸ್ವತಂತ್ರ ತಜ್ಞರ ಹುದ್ದೆ ಸೃಷ್ಟಿಸಿತು. ಏಟು, ಅವಮಾನಗಳಿಂದ ಕಾಪಾಡಿ ಎನ್ನುವುದು ನ್ಯಾಯವಾದ ಬೇಡಿಕೆಯೇ. ಪರ 23 ಮತ, ವಿರುದ್ಧ 18, ತಟಸ್ಥ 6. ಭಾರತ ತಟಸ್ಥವಾಗಿತ್ತು. ಇಂಥ ನಿರ್ಣಯ ಒಪ್ಪಂದವಲ್ಲ, ನಮ್ಮ ಕಾನೂನನ್ನು ತಾನಾಗಿ ಬದಲಿಸುವುದಿಲ್ಲ. "ಅಂಗೀಕಾರವಾಯಿತು" ಎಂಬುದನ್ನು "ಎಲ್ಲ ದೇಶಗಳೂ ಸಹಿ ಹಾಕಿದವು" ಎಂದು ಓದಿಕೊಳ್ಳುವುದರಿಂದಲೇ ಗೊಂದಲ.

ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ 377ನೇ ಕಲಂ ಬ್ರಿಟಿಷರ 1860ರ ದಂಡ ಸಂಹಿತೆಯದು. ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು ನಮ್ಮದೇ ಸುಪ್ರೀಂ ಕೋರ್ಟ್, ನಮ್ಮದೇ ಸಂವಿಧಾನದ ಆಧಾರದ ಮೇಲೆ. ಮದುವೆಗೆ ಮಾನ್ಯತೆ ಕೊಡಲು 2023ರಲ್ಲಿ ಅದೇ ಕೋರ್ಟ್ ಒಪ್ಪಲಿಲ್ಲ.

ಪರೀಕ್ಷಿಸುವುದು ಸುಲಭ. ಕಳಿಸಿದವರನ್ನು ನಿರ್ಣಯದ ಸಂಖ್ಯೆ, ವರ್ಷ ಕೇಳಿ. ವಿಶ್ವಸಂಸ್ಥೆಯ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ, ಮೂಲ ಕಡತದ ಕೊನೆಗೆ ಹೋಗಿ: ಮತಕ್ಕೆ ಹಾಕಿದ್ದರೆ ಯಾವ ದೇಶ ಯಾವ ಕಡೆ ಎಂಬ ಪಟ್ಟಿ ಅಲ್ಲಿರುತ್ತದೆ. ತೀರ್ಪಾದರೆ ಸುಪ್ರೀಂ ಕೋರ್ಟ್ ಜಾಲತಾಣದಲ್ಲಿ ದಿನಾಂಕ ಹಾಕಿ ಹುಡುಕಿ.