ಶುದ್ಧತೆಯೊಂದೇ ಸಾಲದು

ಪಿ53 ಎಂಬುದು ಡಿಎನ್‌ಎಯನ್ನು ಹಿಡಿದು, ಗೆಡ್ಡೆ ಬೆಳೆಯದಂತೆ ತಡೆಯುವ ಪ್ರೋಟೀನು. ಮರುಸಂಯೋಜಿತ, ಅಂದರೆ ಅದರ ಜೀನನ್ನು ಬೇರೊಂದು ಜೀವಕೋಶಕ್ಕೆ ಸೇರಿಸಿ ತಯಾರಿಸಿದ ಪಿ53, ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ ಶೇ. 95ರಷ್ಟು ಶುದ್ಧವೆಂದು ಕಂಡರೆ ಅದನ್ನು ನೇರವಾಗಿ ಪ್ರಯೋಗಕ್ಕೆ ಬಳಸಬಹುದು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. ಎಸ್‌ಡಿಎಸ್ ಎಂಬ ಮಾರ್ಜಕ ಬೆರೆತ ಈ ಜೆಲ್ ಪ್ರೋಟೀನಿನ ಮಡಿಕೆಗಳನ್ನೆಲ್ಲ ಬಿಚ್ಚಿ ಅದರ ಗಾತ್ರವನ್ನಷ್ಟೇ ತೋರಿಸುತ್ತದೆಯೇ ಹೊರತು ಅದು ಡಿಎನ್‌ಎಯನ್ನು ಹಿಡಿಯಬಲ್ಲುದೇ ಎಂಬುದನ್ನು ಹೇಳುವುದಿಲ್ಲ. 393 ಅಮೈನೊ ಆಮ್ಲಗಳ ಈ ಮಾನವ ಪ್ರೋಟೀನಿನ ನಾಲ್ಕು ಅಣುಗಳು ಒಟ್ಟುಗೂಡಿದಾಗಲೇ ಡಿಎನ್‌ಎಯ ಮೇಲಿನ ಹಿಡಿತ ಬಲವಾಗುತ್ತದೆ. ಹಿಡಿಯುವ ಭಾಗದ ಆಕಾರವನ್ನು ಕಾಯುವುದು ಸತುವಿನ ಒಂದು ಅಯಾನು.

ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದಾಗ, ಇಂಥದೇ ಶುದ್ಧ ಪ್ರೋಟೀನನ್ನು ಒಂದೇ ಸೀಸೆಯಲ್ಲಿಟ್ಟು, ಬೇಕಾದಾಗಲೆಲ್ಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸುತ್ತ, ಸತುವನ್ನು ಸೆಳೆದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕ ಬೆರೆತ, ಆಮ್ಲೀಯತೆಯನ್ನು ಸ್ಥಿರವಾಗಿಡುವ ದ್ರಾವಣವಾದ ಬಫರ್‌ನಲ್ಲಿ ಮೂರು ವಾರ ಪರೀಕ್ಷೆ ನಡೆಸಿದೆವು. ಮಡಿಕೆ ಬಿಚ್ಚದ ಇನ್ನೊಂದು ಬಗೆಯ ಜೆಲ್‌ನಲ್ಲಿ, ಪ್ರೋಟೀನು ಹಿಡಿದ ಡಿಎನ್‌ಎ ನಿಧಾನವಾಗಿ ಸಾಗಿ ಅದರ ಪಟ್ಟಿ ಮೇಲೆ ನಿಲ್ಲಬೇಕು; ಆದರೆ ಆ ಪಟ್ಟಿ ಒಮ್ಮೆಯೂ ಜರುಗಲಿಲ್ಲ. ಹೊಸ ಪ್ರೋಟೀನನ್ನು ಸಣ್ಣ ಸಣ್ಣ ಪಾಲುಗಳಾಗಿ ಮೈನಸ್ 80 ಡಿಗ್ರಿಯಲ್ಲಿಟ್ಟು, ಪ್ರತಿ ಪಾಲನ್ನೂ ಒಮ್ಮೆ ಮಾತ್ರ ಕರಗಿಸಿ, ಇಡಿಟಿಎ ಇಲ್ಲದ ಬಫರ್ ಬಳಸಿದಾಗ ಪಟ್ಟಿ ಸ್ಪಷ್ಟವಾಗಿ ಮೇಲೆ ನಿಂತಿತು. ಪ್ರೋಟೀನನ್ನು ಇಡುವ ಕ್ರಮ, ಬಫರ್ ಎರಡನ್ನೂ ಒಟ್ಟಿಗೆ ಬದಲಿಸಿದ್ದರಿಂದ ದೋಷ ಯಾವುದರದೆಂದು ನಾವು ಬೇರ್ಪಡಿಸಲಿಲ್ಲ, ಆದರೆ ಶುದ್ಧತೆಯ ಅಂಕಿ ಎರಡು ಸಲವೂ ಒಂದೇ ಆಗಿತ್ತು.

ಇನ್ನೊಂದು ಮಾತು. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಾದ ಪಿ53ರ ಮೇಲೆ ಮಾನವ ಜೀವಕೋಶದಲ್ಲಿ ಸೇರಿ ಅದರ ಕೆಲಸವನ್ನು ನಿಯಂತ್ರಿಸುವ ಫಾಸ್ಫೇಟ್ ಗುರುತುಗಳು ಇರುವುದಿಲ್ಲ. ಆದ್ದರಿಂದ ಅದರ ಫಲಿತಾಂಶವನ್ನು ಲೇಖನದಲ್ಲಿ ಮಾಡಿರುವಂತೆ ಜೀವಕೋಶಕ್ಕೆ ನೇರವಾಗಿ ಅನ್ವಯಿಸುವುದು ಸರಿಯಲ್ಲ.